ಅತ್ತೆ ಮಾಡಿದ ಗಿಡ್ಡ ಗುಲಾಬಿ

ಅತ್ತೆಯ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವಳ ಸಿಟ್ಟಂತೂ ಊರಿಗೇ ಗೊತ್ತಿರುವಂಥದ್ದು. ನರ್ಸರಿಯ ಕೆಲಸದವರು ಬೆನ್ನ ಹಿಂದೆ ಅವಳನ್ನು ಕಿಡಿಯಮ್ಮ ಎನ್ನುತ್ತಿದ್ದರು, ಎದುರಿಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗೊಬ್ಬರದ ಮೂಟೆ ಬಿಸಿಲಲ್ಲಿ ಬಿಟ್ಟರೆ ಬೈಗುಳ, ನೀರಿನ ಪೈಪು ಸುತ್ತಿಡದಿದ್ದರೆ ಬೈಗುಳ, ಯಾರಾದರೂ ಬೆಳಗ್ಗೆ ಬೆಳಗ್ಗೆ ನಗುನಗುತ್ತ ಮಾತಾಡಿಸಿದರೆ ಅದಕ್ಕೂ ಬೈಗುಳ. ಅವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಪ್ಪ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗುತ್ತಿದ್ದ. ಆ ಕೋಪವನ್ನು ಅಲ್ಲಿ ತಂದು ಕೂರಿಸಿದವರು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ.

ಅತ್ತೆ ನನ್ನಪ್ಪನ ಒಬ್ಬಳೇ ತಂಗಿ. ನರ್ಸರಿಯನ್ನು ಕಟ್ಟಿದ್ದು ಅವರಿಬ್ಬರ ತಂದೆ, ಅಂದರೆ ನನ್ನ ಅಜ್ಜ. ಗುಲಾಬಿಗೆ ಕಸಿ ಕಟ್ಟುವುದರಲ್ಲಿ ಅಜ್ಜನದು ಎತ್ತಿದ ಕೈ. ಕಾಡುಗುಲಾಬಿಯ ಬುಡದಲ್ಲಿ ಸಿಪ್ಪೆ ಸೀಳಿ, ಒಳ್ಳೆಯ ಜಾತಿಯ ಗಿಡದಿಂದ ಕಿತ್ತ ಒಂದೇ ಒಂದು ಚಿಗುರುಗಣ್ಣನ್ನು ಅದರೊಳಗೆ ಕೂರಿಸಿ ಪಟ್ಟಿ ಸುತ್ತುತ್ತಿದ್ದ. ಆ ಕಣ್ಣು ಕಾಡುಬೇರಿನ ಬಲದಿಂದ ಚಿಗುರಿ ಭರ್ಜರಿಯಾಗಿ ಬೆಳೆಯುತ್ತಿತ್ತು. ಈ ವಿದ್ಯೆ ಅಜ್ಜನಿಂದ ಅಪ್ಪನಿಗೆ ಬಂತು, ಅದರ ಜೊತೆಗೆ ಒಂದು ಕಾನೂನೂ ಬಂತು. ನಮ್ಮಲ್ಲಿ ಕಸಿ ಚಾಕು ಗಂಡಸರದು. ಹೆಂಗಸರಿಗೆ ಹಿಂದಿನ ತಗಡಿನ ಶೆಡ್ಡು, ಅಲ್ಲಿ ದಾಸವಾಳ, ಕ್ರೋಟನ್ನು, ಬೇಲಿ ಗಿಡಗಳ ಕಡ್ಡಿ ಕತ್ತರಿಸಿ ಮರಳಿಗೆ ಚುಚ್ಚುವ ಕೆಲಸ. ಅತ್ತೆ ಚಿಕ್ಕವಳಿದ್ದಾಗ ಒಮ್ಮೆ ಅಜ್ಜನ ಚಾಕು ಎತ್ತಿಕೊಂಡು ಒಂದು ಕಣ್ಣು ಕೂರಿಸಲು ಹೋಗಿದ್ದಳಂತೆ. ಅಜ್ಜ ಅದನ್ನು ಕೈಯಿಂದ ಕಿತ್ತುಕೊಂಡು, ಹೆಣ್ಣಿನ ಕೈಗೆ ಕಸಿ ಹಿಡಿಯುವುದಿಲ್ಲ ಎಂದುಬಿಟ್ಟ. ಹಿಡಿಯುತ್ತದೋ ಇಲ್ಲವೋ ನೋಡೋಣ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ನನ್ನನ್ನು ಕೌಂಟರಿನಲ್ಲಿ ಕೂರಿಸಿದ್ದೂ ಇದೇ ಘನಂದಾರಿ ಕಾನೂನಿನ ಪ್ರಕಾರ.

ಅತ್ತೆಯ ಮನೆ ನರ್ಸರಿಯ ಹಿಂದಿನ ಬೀದಿಯಲ್ಲಿ, ಮೇಲಿನ ಮಹಡಿಯಲ್ಲಿ. ಎರಡು ಕೋಣೆ, ಬೀದಿ ಕಡೆಗೊಂದು ಕಿಟಕಿ, ಕಿಟಕಿಯ ಹೊರಗೆ ಒಂದು ಕುಂಡ ಇಟ್ಟರೆ ಮುಗಿದುಹೋಗುವಷ್ಟು ಅಗಲದ ಕಟ್ಟೆ. ಮಾವ ಬಸ್ ಡ್ರೈವರ್. ಮಾತು ಕಡಿಮೆ. ಇಬ್ಬರಲ್ಲಿ ಒಬ್ಬರಾದರೂ ಬ್ರೇಕ್ ಹಾಕಬೇಕಲ್ಲ ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಗಿಡಗಳ ನಡುವೆ ಬದುಕುವ ಅತ್ತೆಗೆ ಸ್ವಂತಕ್ಕೆ ಅಂಗೈಯಗಲ ನೆಲವಿಲ್ಲ. ನರ್ಸರಿಯ ಗುಲಾಬಿ ತಂದು ಕಿಟಕಿಯಲ್ಲಿಟ್ಟರೆ ಅದು ವರ್ಷದೊಳಗೆ ಬೆಳಕನ್ನೆಲ್ಲ ಮುಚ್ಚಿ, ಪರದೆ ಹರಿದು, ಬಟ್ಟೆ ಒಣಗಿಸಲು ಹೋದವರ ಕೈ ಗೀರುತ್ತಿತ್ತು. ನೆಲ ಇದ್ದವರಿಗೆ ಮಾತ್ರ ಗುಲಾಬಿಯಾ ಎಂದು ಸಿಡುಕಿದವಳು, ಸಿಡುಕುತ್ತಲೇ ತನ್ನದೊಂದು ಗಿಡ ಮಾಡಲು ಹೊರಟಳು.

ಅದಕ್ಕೆ ಚಾಕು ಬೇಕಿರಲಿಲ್ಲ, ಹಾಗಾಗಿ ಯಾರೂ ತಡೆಯಲಿಲ್ಲ. ಶೆಡ್ಡಿನ ಮೂಲೆಯಲ್ಲಿದ್ದ ಒಂದು ಸಣ್ಣ ಹೂವಿನ ಗಿಡದ ಮೊಗ್ಗು ಬಿಡಿಸಿ, ಹುಬ್ಬು ಕೀಳುವ ಚಿಮುಟದಲ್ಲಿ ಅದರ ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗ ಸವರಿ, ಮೇಲೊಂದು ಕಾಗದದ ಚೀಲ ಕಟ್ಟುತ್ತಿದ್ದಳು. ಕಾಯಿ ಹಣ್ಣಾದ ಮೇಲೆ ಬೀಜ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊಳೆಯಲು ಚಳಿ ಬೇಕೆಂದು ಫ್ರಿಜ್ಜಿನಲ್ಲಿ ಮಾವನ ಊಟದ ಡಬ್ಬಿಯ ಪಕ್ಕ ಇಡುತ್ತಿದ್ದಳು. ಮಾವ ಒಂದು ದಿನ ಅದನ್ನು ಏನೋ ತಿಂಡಿಯೆಂದು ಬಿಚ್ಚಿ, ಒಂದು ವಾರ ಬೈಸಿಕೊಂಡರು. ಮೊಳಕೆ ಬಂದವುಗಳಲ್ಲಿ ಬಹುಪಾಲು ಕಸ. ಕೆಲವು ಉದ್ದಕ್ಕೆ ಬೆಳೆದವು, ಕೆಲವಕ್ಕೆ ಬೂಷ್ಟು ಹಿಡಿಯಿತು, ಕೆಲವು ಹೂವೇ ಬಿಡಲಿಲ್ಲ. ಎಲ್ಲವನ್ನೂ ಕಿತ್ತೆಸೆದು ಮತ್ತೆ ಶುರು ಮಾಡುತ್ತಿದ್ದಳು. ಅಪ್ಪ ಶೆಡ್ಡಿನ ಬಾಗಿಲಲ್ಲಿ ಇಣುಕಿ, ಏನಮ್ಮಾ ಸಂಶೋಧನೆ ಎಲ್ಲಿಗೆ ಬಂತು ಎಂದು ಕಿಚಾಯಿಸಿ ಹೋಗುತ್ತಿದ್ದ. ಹೀಗೆ ಎಷ್ಟೋ ವರ್ಷ.

ಕೊನೆಗೊಂದು ಗಿಡ ಬಂತು. ಗೇಣೆತ್ತರ, ಅದಕ್ಕಿಂತ ಮೇಲೆ ಬೆಳೆಯುವ ಯೋಚನೆಯೇ ಇಲ್ಲದ್ದು. ಎಲೆ ಒತ್ತಾಗಿ, ಸಣ್ಣಗೆ, ಹೊಳೆಯುತ್ತಿತ್ತು. ಕೋಟಿನ ಗುಂಡಿಯಷ್ಟೇ ಹೂವು, ಮಾಗಿದ ಪಪ್ಪಾಯಿಯ ಬಣ್ಣ, ಬುಡದಲ್ಲಿ ಹಳದಿ. ವರ್ಷದುದ್ದಕ್ಕೂ ಬಿಡುತ್ತಿತ್ತು. ಅತ್ತೆ ಅದನ್ನು ಎರಡು ಬೇಸಿಗೆ ಕಿಟಕಿಯಲ್ಲಿಟ್ಟು ನೋಡಿದಳು. ಆಮೇಲೆ ಒಂದು ಬೆಳಗ್ಗೆ ಪೇಪರಿನಲ್ಲಿ ಸುತ್ತಿ ನರ್ಸರಿಗೆ ತಂದಳು. ಅವತ್ತು ಯಾರಿಗೂ ಬೈಯಲಿಲ್ಲ, ಪೈಪು ದಾರಿಯಲ್ಲೇ ಬಿದ್ದಿದ್ದರೂ ದಾಟಿಕೊಂಡು ಬಂದಳು.

ಯಾಕೆ ತಂದಳು ಎಂದು ಈಗಲೂ ಹಲ್ಲು ಕಡಿಯುತ್ತೇನೆ. ಆದರೆ ಕಾರಣ ನನಗೆ ಗೊತ್ತು. ಗುಲಾಬಿಯನ್ನು ಕಂಡರೆ ಅದರ ಬೆಲೆ ತಿಳಿಯುವ ಕಣ್ಣು ಆ ಮನೆಯಲ್ಲಿ ಇದ್ದದ್ದು ಅಣ್ಣನಿಗೆ. ಇದನ್ನು ನನ್ನ ತಂಗಿ ಮಾಡಿದಳು ಎಂದು ಅಣ್ಣನ ಬಾಯಿಂದ ನಾಲ್ಕು ಜನರೆದುರು ಒಂದು ಮಾತು ಬರಬೇಕಿತ್ತು ಅವಳಿಗೆ. ಅದಕ್ಕಿಂತ ಹೆಚ್ಚಿಗೆ ಅವಳು ಯಾವತ್ತೂ ಕೇಳಿದವಳಲ್ಲ.

ಅಪ್ಪ ಕುಂಡವನ್ನು ಮೇಜಿನ ಮೇಲಿಟ್ಟು ಸುತ್ತ ತಿರುಗಿಸಿ ತಿರುಗಿಸಿ ನೋಡಿದ. ಕಿಚಾಯಿಸಲಿಲ್ಲ. ನಾಲ್ಕು ದಿನ ಇಲ್ಲೇ ಇರಲಿ, ನೋಡ್ತೀನಿ ಎಂದ. ಅತ್ತೆ ಒಂದೇ ಒಂದು ಎಚ್ಚರಿಕೆ ಕೊಟ್ಟಳು.

"ಅಣ್ಣ, ಇದಕ್ಕೆ ಕಸಿ ಮಾತ್ರ ಕಟ್ಟಬೇಡ. ಕಾಡುಬೇರಿನ ಮೇಲೆ ಕೂತ್ರೆ ಉದ್ದ ಹೋಗತ್ತೆ. ಕಡ್ಡಿ ನೆಟ್ಟು ಅದರ ಬೇರಿನ ಮೇಲೇ ಬೆಳೆಸಬೇಕು."

"ಕಸಿ ವಿಷಯ ನೀನು ನಂಗೆ ಹೇಳ್ಕೊಡ್ತೀಯಾ?" ಎಂದ ಅಪ್ಪ.

ನಾಲ್ಕು ದಿನ ಕಳೆದು ಅತ್ತೆ ಗಿಡ ವಾಪಸ್ ಕೇಳಿದಾಗ ಕುಂಡದಲ್ಲಿ ಮೂರು ಮೋಟು ಕಡ್ಡಿ ಉಳಿದಿದ್ದವು. ಕಣ್ಣುಗಳನ್ನೆಲ್ಲ ಅಪ್ಪ ಸುಲಿದುಕೊಂಡಿದ್ದ. ಕಸಿ ಮನೆಯಲ್ಲಿ ಸಾಲುಸಾಲು ಕಾಡುಬುಡಗಳಿಗೆ ಪಟ್ಟಿ ಸುತ್ತಿ ನಿಲ್ಲಿಸಿದ್ದ. ಕಡ್ಡಿ ನೆಟ್ಟ ಗುಲಾಬಿಯನ್ನು ತನ್ನ ಹೆಸರಿನ ಬೋರ್ಡಿನ ಕೆಳಗೆ ಮಾರುವುದು ಅವನಿಗೆ ಅವಮಾನ. ಅದು ಶೆಡ್ಡಿನ ಕೆಲಸ, ಹೆಂಗಸರ ಕೆಲಸ. ಅತ್ತೆ ಆಗಲೂ ಬೈಯಲಿಲ್ಲ, ಮೋಟುಗಿಡವನ್ನು ಎದೆಗವಚಿಕೊಂಡು ಮನೆಗೆ ಹೋದಳು. ಅವಳು ಬೈಯದಿದ್ದದ್ದು ಕಂಡು ನನಗೆ ಹೆದರಿಕೆಯಾಯಿತು. ಗಿಡವನ್ನು ಹೇಗೋ ಬದುಕಿಸಿಕೊಂಡಳು. ಮರುದಿನ ಎಂದಿನಂತೆ ಶೆಡ್ಡಿಗೂ ಬಂದಳು. ಯಾಕೆ ಬಂದೆ ಎಂದು ನಾನೇ ಜಗಳ ತೆಗೆದೆ. ಬೇರೆ ಏನು ಬರುತ್ತೆ ನನಗೆ ಎಂದಳು.

ಮರುವರ್ಷದ ಪುಷ್ಪ ಪ್ರದರ್ಶನದಲ್ಲಿ ಆ ಕಸಿ ಗಿಡಗಳು ಹೊರಬಂದವು. ಸಣ್ಣ ಕುಂಡದಲ್ಲಿ, ಮೊದಲ ಹೂವಿನಲ್ಲಿ, ಇನ್ನೂ ಗಿಡ್ಡಕ್ಕೇ ಇದ್ದವು. ಕಿಟಕಿಗೊಂದು ಗುಲಾಬಿ ಎಂದು ದೊಡ್ಡ ಅಕ್ಷರದ ಬೋರ್ಡು, ಅದರ ಕೆಳಗೆ ತಳಿಯ ಹೆಸರು. ಇಟ್ಟಿದ್ದು ಯಾರ ಹೆಸರು? ಅಜ್ಜನದು. ನನ್ನ ಮೈಯೆಲ್ಲ ಉರಿದುಹೋಯಿತು. ಅಪ್ಪ ಮೈಕಿನ ಮುಂದೆ ನಿಂತು, ನಮ್ಮ ಮನೆತನದ ತಪಸ್ಸು, ತಂದೆಯ ಕನಸು, ಇನ್ನೂ ಏನೇನೋ ಹೇಳಿದ. ತಂದೆಗೆ ಅಂಥ ಕನಸು ಬಿದ್ದದ್ದನ್ನು ಯಾರೂ ಕಂಡಿಲ್ಲ. ಜನ ಚಪ್ಪಾಳೆ ತಟ್ಟಿದರು. ಅತ್ತೆ ಅದೇ ಮಳಿಗೆಯ ಹಿಂಬದಿಯಲ್ಲಿ ಬಕೆಟ್ಟು ಹಿಡಿದು ಕುಂಡಗಳಿಗೆ ನೀರು ಚಿಮುಕಿಸುತ್ತಿದ್ದಳು.

ಆವತ್ತು ಸಂಜೆ ನಮ್ಮ ಮನೆಯ ನಡುಕೋಣೆಯಲ್ಲಿ ಅವಳು ಬಾಯಿ ಬಿಟ್ಟಳು. ಕೂತುಕೋ ಎಂದರೂ ಕೂರಲಿಲ್ಲ. ಅಪ್ಪ ಮೊದಲೇ ಉತ್ತರ ಸಿದ್ಧಮಾಡಿಕೊಂಡಿದ್ದ.

"ನನ್ನ ಹೆಸರೇನಾದ್ರೂ ಇಟ್ಕೊಂಡ್ನಾ? ಅಪ್ಪನ ಹೆಸರಿಟ್ಟೆ. ಅಪ್ಪ ನಿಂಗೂ ಅಪ್ಪನೇ ತಾನೆ?"

"ಅಪ್ಪ ಏನು ಮಾಡಿದ್ರು ಇದಕ್ಕೆ?" ಎಂದಳು ಅತ್ತೆ. "ನನ್ನ ಕೈಯಿಂದ ಚಾಕು ಕಿತ್ಕೊಂಡ್ರು, ಅಷ್ಟೇ. ನೀನು ಗಿಡಾನೇ ಕಿತ್ಕೊಂಡೆ."

ಮನೆ ಮಾತು ಬೀದಿಗೆ ತರಬಾರದು, ಸತ್ತವರ ಹೆಸರಿಗೆ ಮಸಿ ಬಳಿಯಬಾರದು ಎಂದೆಲ್ಲ ಅಪ್ಪ ಉಪದೇಶಕ್ಕೆ ಇಳಿದ. ಕದ್ದವನಿಗೆ ಉಪದೇಶ ಹೇಗೆ ನಾಲಗೆ ತುದಿಯಲ್ಲೇ ಇರುತ್ತದೋ ನನಗೆ ಅರ್ಥವಾಗುವುದಿಲ್ಲ. ಅತ್ತೆ ಅರ್ಧಕ್ಕೇ ಹೊರಟುಹೋದಳು. ಆಮೇಲೆ ನರ್ಸರಿಯಲ್ಲಿ ಅವಳ ಬೈಗುಳ ನಿಂತುಹೋಯಿತು. ಕೆಲಸದವರು ಖುಷಿಪಡುವುದು ಬಿಟ್ಟು, ಕಿಡಿಯಮ್ಮನಿಗೆ ಹುಷಾರಿಲ್ಲವಾ ಎಂದು ನನ್ನನ್ನು ಗುಟ್ಟಾಗಿ ಕೇಳತೊಡಗಿದರು.

ಗಿಡಗಳು ಬಿಸಿ ದೋಸೆಯ ಹಾಗೆ ಖರ್ಚಾದವು. ಕೊಂಡವರೆಲ್ಲ ಅತ್ತೆಯಂಥವರೇ, ಮಹಡಿ ಮನೆಯವರು, ಒಂದು ಕೋಣೆಯವರು, ನೆಲವಿಲ್ಲದವರು. ಕೊಂಡು ಹೋಗಿ ಸ್ವಲ್ಪ ದೊಡ್ಡ ಕುಂಡಕ್ಕೆ ಹಾಕಿದರು. ಕಾಡುಬೇರಿಗೆ ಮಣ್ಣು ಸಿಕ್ಕಿತು. ಇನ್ನು ಕೇಳಬೇಕೇ! ಗೇಣೆತ್ತರದ ಗಿಡ ಮೊಣಕಾಲು ದಾಟಿ, ಕಿಟಕಿಯ ಸರಳು ದಾಟಿ, ಬೆತ್ತದಂಥ ಕೊಂಬೆ ಚಾಚಿತು. ಮೊದಮೊದಲು ಒಬ್ಬಿಬ್ಬರು ಬಂದು ಕೇಳಿದರು. ಗೊಬ್ಬರ ಜಾಸ್ತಿಯಾಗಿದೆ ಎಂದು ಅಪ್ಪ ಸಾಗಹಾಕಿದ. ನೀರು ಜಾಸ್ತಿಯಾಗಿದೆ ಎಂದ. ಪ್ರೀತಿ ಜಾಸ್ತಿಯಾಗಿದೆ ಎಂದು ಒಬ್ಬರಿಗೆ ತಮಾಷೆಯನ್ನೂ ಮಾಡಿದ. ಕೌಂಟರಿನಲ್ಲಿ ಕೂತು ಈ ಹಸಿ ಸುಳ್ಳುಗಳನ್ನೆಲ್ಲ ಕೇಳಿಸಿಕೊಳ್ಳಬೇಕಾದವಳು ನಾನು.

ಒಂದು ಭಾನುವಾರ ಬೆಳಗ್ಗೆ ಅವರೆಲ್ಲ ಒಟ್ಟಿಗೆ ಬಂದರು. ಯಾರು ಯಾರಿಗೆ ಹೇಳಿ ಕಳಿಸಿದರೋ, ಗೇಟಿನಿಂದ ಕೌಂಟರಿನವರೆಗೆ ಕುಂಡ ಹೊತ್ತ ಜನ. ಮುಂದಿದ್ದವಳು ಬಟ್ಟೆ ಹೊಲಿಯುವ ಹೆಂಗಸು. ಸೊಂಟದ ಮೇಲಿಟ್ಟ ಕುಂಡದಿಂದ ಕೊಂಬೆ ಅವಳ ತಲೆಯ ಮೇಲಕ್ಕೆ ಹೋಗಿತ್ತು. ಕೌಂಟರಿನ ಮೇಲೆ ಕುಕ್ಕಿದಳು. ಹೊಲಿಗೆ ಮೆಷಿನ್ನಿಗೆ ಬರುತ್ತಿದ್ದ ಬೆಳಕೇ ಹೋಯಿತು, ಗಿಡ್ಡ ಗಿಡ ಅಂತ ಮಾರಿದ್ದು ನೀವೇ ತಾನೆ ಎಂದು ತರಾಟೆಗೆ ತೆಗೆದುಕೊಂಡಳು. ಅಪ್ಪ ಗೊಬ್ಬರದ ಕತೆ ಶುರುಮಾಡಿದ. ಹಿಂದಿನಿಂದ ಯಾರೋ, ಗೊಬ್ಬರ ಮುಟ್ಟೇ ಇಲ್ಲ ಎಂದರು. ಮತ್ತೊಬ್ಬರು ಮೋಸ ಎಂದರು. ಆ ಮಾತು ಒಂದು ಸಲ ಹೊರಬಿದ್ದ ಮೇಲೆ ಎಲ್ಲರ ಬಾಯಲ್ಲೂ ಅದೇ. ಅಪ್ಪನ ಮುಖ ಬಿಳಿಚಿತು. ಕಣ್ಣು ಅತ್ತಿತ್ತ ಓಡಾಡಿ, ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯ ಮೇಲೆ ನಿಂತಿತು.

"ನನ್ನನ್ಯಾಕೆ ಕೇಳ್ತೀರಿ? ಇದನ್ನ ಮಾಡಿದ್ದು ನಾನಲ್ಲ. ಅಲ್ಲಿ ನಿಂತಿದಾಳಲ್ಲ, ನನ್ನ ತಂಗಿ, ಅವಳು ಮಾಡಿದ್ದು. ಅವಳನ್ನೇ ಕೇಳಿ."

ಇಷ್ಟು ವರ್ಷ ಅವಳು ಕಾದಿದ್ದ ಮಾತು ಬಂತು, ಹೀಗೆ ಬಂತು. ನನಗೆ ಅಪ್ಪನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಜನ ಒಟ್ಟಿಗೆ ಅತ್ತೆಯ ಕಡೆ ತಿರುಗಿದರು. ಅವಳು ಕೈಯ ಮರಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ, ಅವಸರವಿಲ್ಲದೆ ಕೌಂಟರಿನವರೆಗೆ ನಡೆದು ಬಂದಳು.

"ಇನ್ನೊಂದ್ಸಲ ಹೇಳು," ಎಂದಳು ಅಪ್ಪನಿಗೆ. "ಹಿಂದೆ ನಿಂತೋರಿಗೆ ಕೇಳಿಸಲಿಲ್ಲ."

ಅಪ್ಪ ಕೌಂಟರಿನ ಮೇಲಿದ್ದ ಕುಂಡವನ್ನು ಪಕ್ಕಕ್ಕೆ ಸರಿಸಿದ. ನನಗೆ ತಡೆಯಲಾಗಲಿಲ್ಲ. ನಮ್ಮತ್ತೆಯೇ ಮಾಡಿದ್ದು, ಗಿಡ ಸರಿಯಾಗೇ ಇತ್ತು, ಕೆಡಿಸಿದ್ದು ಕಸಿ ಎಂದು ಕೂಗಿ ಹೇಳಿದೆ. ಅತ್ತೆ ನನ್ನ ಮೇಲೆಯೇ ರೇಗಿದಳು.

"ನೀನು ಸುಮ್ನಿರೇ. ನೀನು ಹೇಳಿದ್ರೆ ಏನು ಬಂತು? ಅವನು ಹೇಳ್ಲಿ."

ಎಲ್ಲರೂ ಕಾದರು. ತಪ್ಪು ಹೊರಿಸುವಾಗ ಸರಾಗವಾಗಿ ಹೊರಬಿದ್ದ ಮಾತು ಈಗ ಹೊರಡಲಿಲ್ಲ. ಹೊಲಿಗೆಯ ಹೆಂಗಸು ಅಪ್ಪನನ್ನೊಮ್ಮೆ ಅತ್ತೆಯನ್ನೊಮ್ಮೆ ನೋಡಿದಳು. ಅವಳಿಗೂ ಅಣ್ಣಂದಿರು ಇದ್ದಿರಬೇಕು, ಯಾಕೆಂದರೆ ಗಲಾಟೆ ನಿಲ್ಲಿಸಿ ಅವಳೂ ಕಾಯುತ್ತ ನಿಂತಳು. ಅಪ್ಪ ಕೊನೆಗೆ ಕೆಮ್ಮಿ, ಒಳಗೆ ಹೋಗಿ ಮಾತಾಡೋಣ ಎಂದ.

ಅತ್ತೆ ಏಪ್ರನ್ ಬಿಚ್ಚಿ ಕೌಂಟರಿನ ಮೇಲಿಟ್ಟಳು. ಆಮೇಲೆ ಜನರ ಕಡೆ ತಿರುಗಿ ಹೇಳಿದಳು. "ಗಿಡ ಎಸೀಬೇಡಿ. ಇದೇ ಕೊಂಬೆಯಿಂದ ಕಡ್ಡಿ ಕತ್ತರಿಸಿ ಅದರ ಬೇರಿನ ಮೇಲೆ ಬೆಳೆಸಿದ್ರೆ ಮತ್ತೆ ಗಿಡ್ಡಕ್ಕೇ ಬರತ್ತೆ. ಹಿಂದಿನ ಬೀದೀಲಿ ನಮ್ಮನೆ, ಮೇಲ್ಗಡೆ. ಬೇಕಾದೋರು ಬನ್ನಿ, ನೆಟ್ಟು ತೋರಿಸ್ತೀನಿ."

ಅಷ್ಟು ಹೇಳಿ ಗೇಟು ದಾಟಿದಳು. ಹೊಲಿಗೆಯ ಹೆಂಗಸು ಕೌಂಟರಿನಿಂದ ತನ್ನ ಕುಂಡ ಎತ್ತಿಕೊಂಡು ಹಿಂದೆಯೇ ಹೊರಟಳು. ಆಮೇಲೆ ಉಳಿದವರು ಹೊರಟರು. ದಾರಿಯಲ್ಲಿ ಯಾರೋ ಪೈಪು ತುಳಿದರೆಂದು ಕಾಣುತ್ತದೆ, ಇದನ್ನ ಸುತ್ತಿಡೋಕೆ ಏನು ರೋಗ ನಿಮಗೆ ಎಂದು ಅತ್ತೆ ಕೆಲಸದವರಿಗೆ ಹೊರಗಿನಿಂದಲೇ ಬೈದದ್ದು ಕೇಳಿಸಿತು. ಕೆಲಸದವರು ಮುಖಮುಖ ನೋಡಿಕೊಂಡು ನಕ್ಕರು.

ನರ್ಸರಿ ಖಾಲಿಯಾಯಿತು. ಅಪ್ಪ ಏಪ್ರನ್ನನ್ನು ನೋಡುತ್ತ ನಿಂತಿದ್ದ. ನನ್ನ ಮುಖ ನೋಡದೆ, ನಾಳೆ ಕೆಲಸಕ್ಕೆ ಬಾ ಅಂತ ಅವಳಿಗೆ ಹೇಳು ಎಂದ. ತಪ್ಪಾಯ್ತು ಅಂತಾನೂ ಬೇಕಾದ್ರೆ ಹೇಳು ಎಂದ.

"ನೀನೇ ಹೋಗಿ ಹೇಳಪ್ಪ," ಎಂದೆ. "ಎಲ್ಲರೂ ಅಲ್ಲೇ ಇದಾರೆ."

ಅವನು ಅಲ್ಲಾಡಲಿಲ್ಲ. ನಾನು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಕೀ ಅವನ ಮುಂದಿಟ್ಟು, ಅತ್ತೆಯ ಮನೆಗೆ ಹೋದೆ.