ಮೊದಲು ಸಂದು, ಆಮೇಲೆ ಕಲ್ಲು

ನನ್ನ ಹತ್ತಿರ ಒಂದು ಕ್ವೊಟೇಶನ್ ಬುಕ್ ಇದೆ. ಕಾನ್ವೆಂಟಿನ ಎಂಟನೇ ಕ್ಲಾಸಿನಲ್ಲಿ ಶುರುವಾದದ್ದು. ಸಿಸ್ಟರ್ ದಿನಕ್ಕೊಂದು ಇಂಗ್ಲಿಷ್ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಹ್ಯಾಂಡ್‌ರೈಟಿಂಗ್ ಕೆಡದಂತೆ ನಾವು ಇಳಿಸಿಕೊಳ್ಳಬೇಕಿತ್ತು. ಆ ವಾಕ್ಯ ಯಾವುದಕ್ಕೆ ಬೇಕಾದೀತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶಹಾಬಾದಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗುವಷ್ಟರಲ್ಲಿ ಬುಕ್ಕು ಮಾತ್ರ ದಪ್ಪವಾಗಿತ್ತು.

ಹೋದ ವರ್ಷ ಎದುರು ಮನೆಯ ಸೊಸೆ ಮಾದರಿ ಪ್ರಶ್ನೆಗಳ ಒಂದು ಕಟ್ಟು ಪ್ರಿಂಟೌಟ್ ಹಿಡಿದುಕೊಂಡು ಬಂದಳು. ತವರು ಚಿಂಚೋಳಿ ಕಡೆ, ಗಂಡ ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಡ್ಯೂಟಿ. ಬಿ.ಎ. ಮುಗಿಸಿ ಮದುವೆಯಾದವಳು. ಟೀಚರ್ ಟ್ರೇನಿಂಗಿಗೆ ಎಂಟ್ರೆನ್ಸ್ ಟೆಸ್ಟ್ ಬರೆಯಲು ಗಂಡ ಹೂಂ ಅಂದಿದ್ದ. ಆದರೆ ಆ ಮನೆಯಲ್ಲಿ ನಡೆಯುವುದು ಮಾವನ ಮಾತು. ಅವರು ಒಂದೇ ಒಂದು ಸಲ ಬರೆ, ಆಗದಿದ್ದರೆ ಮನೆ ನೋಡಿಕೊಂಡಿರು ಎಂದು ಅಪ್ಪಣೆ ಕೊಟ್ಟಿದ್ದರು.

ಅವಳಿಗೆ ಗ್ರಾಮರ್ ಕಷ್ಟವಿರಲಿಲ್ಲ. ಬೀಳುತ್ತಿದ್ದದ್ದು ಒಂದೇ ತರಹದ ಪ್ರಶ್ನೆಯಲ್ಲಿ. ವಿದ್ಯಾರ್ಥಿಯೊಬ್ಬಳು ಪ್ರಬಂಧ ಬರೆಯುತ್ತಿದ್ದಾಳೆ, ಅವಳ ಉದ್ದೇಶ ಇಂಥದು, ಅದಕ್ಕೆ ಕೆಳಗಿನ ನಾಲ್ಕು ಕ್ವೊಟೇಶನ್‌ಗಳಲ್ಲಿ ಯಾವುದು ಸರಿಯಾದ ಆಧಾರ? ಅಷ್ಟೇ ಪ್ರಶ್ನೆ. ಒಂದು ನೆನಪಿದೆ. ಕಥೆಯೊಂದರ ಮುದುಕ ಬಡಗಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆ ಇದೆ ಎಂದು ತೋರಿಸಬೇಕು. ಒಂದು ಆಪ್ಶನ್‌ನಲ್ಲಿ ಮರ, ಮನುಷ್ಯ, ಕಾಲ ಎಂದು ಘನವಾದ ಮಾತು. ಇನ್ನೊಂದರಲ್ಲಿ, ಬಡಗಿ ಮಾರಿದ ಕುರ್ಚಿಯನ್ನು ನೋಡಲೆಂದೇ ಕೊಂಡವರ ಮನೆಗೆ ಹೋಗಿ ಅದರ ಕೈಯನ್ನು ಸವರಿ ಬರುತ್ತಾನೆ ಎಂಬ ಸಾದಾ ವಾಕ್ಯ. ಅವಳು ಘನವಾದದ್ದಕ್ಕೆ ಟಿಕ್ ಹಾಕಿದಳು. ನಾನೂ ಅದನ್ನೇ ಆರಿಸಿದೆ. ಕೊನೆಯ ಪುಟದ ಕೀ ಪ್ರಕಾರ ಸರಿ ಉತ್ತರ ಕುರ್ಚಿಯದು. ನಾನು ಪೆನ್ಸಿಲ್ ತೆಗೆದುಕೊಂಡು ಮಾರ್ಜಿನ್‌ನಲ್ಲಿ ‘ಕೀ ತಪ್ಪಾಗಿದೆ’ ಎಂದು ಬರೆದೆ. ಟೀಚರ್ ಆಗಿದ್ದವರ ಸೊಕ್ಕು ಬೇಗ ಹೋಗುವುದಿಲ್ಲ ನೋಡಿ.

ಹತ್ತು ಪ್ರಶ್ನೆಗಳಲ್ಲಿ ಆರು ಇಬ್ಬರಿಗೂ ತಪ್ಪಾದ ಮೇಲೆ, ತಪ್ಪಿರುವುದು ಕೀಯಲ್ಲಿ ಅಲ್ಲ ಎಂದು ಗೊತ್ತಾಯಿತು.

ಅವಳು ಯಾಕೆ ಹಾಗೆ ಆರಿಸುತ್ತಿದ್ದಳೆಂದರೆ, ಅವರ ಮನೆಯ ರೂಢಿಯೇ ಹಾಗೆ. ಮಾವ ದಂಡೋತಿ ಕಡೆಯವರು, ವಾಡಿಯಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದವರು. ಬೆಳಿಗ್ಗೆ ಲಿಂಗಪೂಜೆ ತಪ್ಪಿಸಿದವರಲ್ಲ. ಹೆಣ್ಣು ನೋಡುವುದಿರಲಿ, ಹೊಸ ಫ್ರಿಜ್ ತರುವುದಿರಲಿ, ಅವರೊಂದು ವಚನ ಹೇಳಿದರೆಂದರೆ ಅಲ್ಲಿಗೆ ಮಾತು ಮುಗಿಯಿತು. ಅದು ಆ ವಿಷಯಕ್ಕೆ ಹೊಂದುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಶರಣರ ಮಾತಿಗೆ ಎದುರಾಡುವುದುಂಟೇ? ಹಾಗಾಗಿ ಈ ಹುಡುಗಿ ಎಲ್ಲಿ ಹೋದರೂ ತೂಕದ ಮಾತನ್ನೇ ಹುಡುಕುತ್ತಿದ್ದಳು. ನನ್ನ ರೋಗ ಬೇರೆ. ನಾನು ಚೆಂದದ್ದನ್ನು ಹುಡುಕುತ್ತಿದ್ದೆ.

ಆ ವಾರವೇ ನಮ್ಮ ಅಂಗಳದ ಒಡೆದ ಫರ್ಸಿಗಲ್ಲು ಬದಲಿಸಲು ಕಲ್ಲು ಹಾಸುವ ಗೌಂಡಿ ಬಂದಿದ್ದ. ಇದು ಕಲ್ಲಿನ ಊರು, ಗೋಡೆಗೆ ಒರಗಿಸಿದ ಹಾಸುಗಲ್ಲುಗಳ ರಾಶಿಯೇ ಇತ್ತು. ನೀಲಿ ಛಾಯೆಯ, ನುಣ್ಣನೆಯ ಒಂದನ್ನು ತೋರಿಸಿ ಬಾಗಿಲ ಮುಂದೆ ಇದನ್ನೇ ಹಾಕು ಅಂದೆ. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕೂತು, ಕಿತ್ತ ಜಾಗವನ್ನು ಗೇಣಿನಿಂದ ಅಳೆಯುತ್ತಿದ್ದ.

“ಮೊದಲ ಸಂದು ನೋಡಬೇಕ್ರೀ ಅಕ್ಕೋರ, ಆಮ್ಯಾಲ ಕಲ್ಲ” ಅಂದ. “ಕಲ್ಲ ನೋಡಿ ಮನಸ ಮಾಡಿದ್ರ ಗ್ವಾಡಿ ಒಡೀಬೇಕಾಗ್ತದ.”

ಕಟ್ಟೆಯ ಮೇಲೆ ಪ್ರಿಂಟೌಟ್ ಹರಡಿಕೊಂಡು ಕೂತಿದ್ದ ಹುಡುಗಿ ನನ್ನ ಮುಖ ನೋಡಿದಳು. ಅವತ್ತಿನಿಂದ ನಮ್ಮ ಮೆಥಡ್ ಬದಲಾಯಿತು. ನಾಲ್ಕು ಆಪ್ಶನ್‌ಗಳ ಮೇಲೆ ಪೋಸ್ಟ್‌ಕಾರ್ಡ್ ಮುಚ್ಚಿಡುವುದು. ಏನನ್ನು ತೋರಿಸಬೇಕಾಗಿದೆ ಎಂದು ಮನೆಯ ಮಾತಿನಲ್ಲೇ ಒಂದು ಸಲ ಹೇಳುವುದು. ಆಮೇಲೆ ಕಾರ್ಡ್ ಸರಿಸುವುದು. ಮೂರು ವಾರದಲ್ಲಿ ಅವಳು ಹತ್ತಕ್ಕೆ ಒಂಬತ್ತು ಸರಿ ಮಾಡತೊಡಗಿದಳು. ನಾನು ಎಂಟರಲ್ಲೇ ನಿಂತೆ. ಚೆಂದದ ಮಾತು ಕಂಡರೆ ಈಗಲೂ ಕೈ ತಡೆಯುವುದಿಲ್ಲ.

ಕಲಬುರಗಿಗೆ ಹೋಗಿ ಟೆಸ್ಟ್ ಬರೆದು ಬಂದಳು. ಎರಡು ಮಾರ್ಕ್ಸಿನಲ್ಲಿ ಸೀಟು ಹೋಯಿತು. ಕ್ವೊಟೇಶನ್ ಭಾಗವೆಲ್ಲ ಸರಿ. ಪುಸ್ತಕ ಮುಟ್ಟದೆ ವರ್ಷಗಳೇ ಆಗಿದ್ದ ಗಣಿತ ಅವಳನ್ನು ಬೀಳಿಸಿತ್ತು. ಆರು ತಿಂಗಳಿಗೆ ಮತ್ತೆ ಟೆಸ್ಟ್ ಇತ್ತು, ಆದರೆ ಮಾವ ಕೊಟ್ಟಿದ್ದ ಒಂದು ಸಲ ಮುಗಿದಿತ್ತು.

ರಿಸಲ್ಟ್ ಬಂದ ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂತಿದ್ದಳು. ನಾನು ಕ್ವೊಟೇಶನ್ ಬುಕ್ ತಂದು, ಸೋಲು-ಗೆಲುವಿನ ಪುಟ ತೆಗೆದು, ಇದರಲ್ಲೊಂದನ್ನು ಕನ್ನಡ ಮಾಡಿ ನಿಮ್ಮ ಮಾವನಿಗೆ ಹೇಳೋಣವೇ ಅಂದೆ. ಅವಳು ನಕ್ಕು, ಆ ಪುಟದ ಮೇಲೆ ಅಂಗೈ ಮುಚ್ಚಿ ಇಟ್ಟಳು.

“ಮೊದಲ ಸಂದು ನೋಡ್ರಿ, ಟೀಚರ್.”

ನನಗೆ ನನ್ನ ತಂದೆ ನೆನಪಾದರು. ಎಂ.ಎ. ಓದಬೇಕೆಂದು ನಾನು ಅವರ ಮುಂದೆ ನಿಂತಾಗ, ಇದೇ ಬುಕ್ಕಿನಿಂದ ಬಾಯಿಪಾಠ ಮಾಡಿದ ಒಂದು ಅಪ್ಪಟ ಇಂಗ್ಲಿಷ್ ವಾಕ್ಯವನ್ನು ಪ್ರನನ್ಸಿಯೇಶನ್ ಕೆಡದಂತೆ ಒಪ್ಪಿಸಿದ್ದೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. “ಛಲೋ ಅದ ಅವ್ವಾ” ಅಂದು ಪಂಚೆ ಕೊಡವಿಕೊಂಡು ಹೊಲಕ್ಕೆ ಹೋದರು. ನಾನು ಎಂ.ಎ. ಓದಲಿಲ್ಲ. ಅವರು ಕೆಟ್ಟವರಲ್ಲ. ನಾನೇ ಅಳತೆ ತೆಗೆದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವನ ಪೂಜೆ ಮುಗಿದು ಚಹಾದ ಹೊತ್ತಿಗೆ ಬನ್ನಿ ಎಂದು ಅವಳು ನನ್ನನ್ನು ಕರೆದಿದ್ದಳು. ಅತ್ತೆ ಚಹಾ ಕೊಟ್ಟು ಒಳಬಾಗಿಲಲ್ಲಿ ನಿಂತರು. ನಾನು ಟೆಸ್ಟಿನ ಮಾತು ತೆಗೆಯುತ್ತಲೇ ಮಾವ ಕಣ್ಣು ಅರೆಮುಚ್ಚಿ, ಇದ್ದುದರಲ್ಲೇ ತೃಪ್ತಿ ಕಾಣಬೇಕೆಂಬ ಅರ್ಥದ ಒಂದು ವಚನ ಹೇಳಿದರು. ಎಂದಿನಂತೆ ಮಾತು ನಿಂತಿತು. ನಾನು ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡೆ.

ಹುಡುಗಿ ಸೆರಗು ಸರಿಮಾಡಿಕೊಂಡಳು. ದನಿ ಏರಿಸಲಿಲ್ಲ.

“ಮಾವಾರ, ವಚನಕ್ಕ ನಾ ಎದುರಾಡಂಗಿಲ್ರಿ. ಖರೆ, ವಾಡ್ಯಾಗ ನೀವು ಇಲಾಖೆ ಪರೀಕ್ಷಾ ಬರ್ದಿದ್ದು ಎಷ್ಟ ಸಲರಿ?”

ಅವರು ಕಣ್ಣು ತೆರೆದರು. ಆ ಕಥೆ ಓಣಿಗೆಲ್ಲ ಗೊತ್ತು, ಪ್ರತಿ ಮದುವೆಯಲ್ಲೂ ಅವರೇ ಹೇಳುತ್ತಿದ್ದರು.

“ಮೂರು” ಅಂದರು.

“ಸಾಹೇಬರು ನಕ್ಕಾಗ ನೀವು ಏನಂದ್ರಿ? ‘ಬೀಳೋದ್ರಾಗ ನಾಚಿಕಿ ಇಲ್ಲ, ಬಿಟ್ಟು ಕೂಡೋದ್ರಾಗ ಅದ’ ಅಂದ್ರಿ. ನನ್ನ ಮದುವ್ಯಾಗ, ನಮ್ಮಪ್ಪನ ಮುಂದನೂ ಹೇಳೀರಿ. ನಾ ಅದನ್ನ ಮರ್ತಿಲ್ರಿ.”

ಒಳಬಾಗಿಲಲ್ಲಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾವ ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟರು. ಆಮೇಲೆ ಭುಜ ಕುಣಿಯುವಂತೆ ನಕ್ಕರು.

“ನನ್ನ ಮಾತು ನನ್ನ ಮುಂದನ ತಂದ ಇಟ್ಟಿ ನೋಡವ್ವಾ. ಬರೀ. ನಂದು ಮೂರು, ನಿಂದೂ ಮೂರು. ನಾಕನೇದು ಕೇಳಬ್ಯಾಡ.”

“ಮೂರನೇದು ಬೇಕಾಗಂಗಿಲ್ರಿ” ಅಂದಳು ಅವಳು.

ಬೇಕಾಗಲಿಲ್ಲ. ಎರಡನೇ ಸಲಕ್ಕೇ ಸೀಟು ಸಿಕ್ಕಿ, ಈಗ ಟ್ರೇನಿಂಗಿಗೆಂದು ಬೆಳಿಗ್ಗೆಯ ರೈಲಿಗೆ ಕಲಬುರಗಿಗೆ ಹೋಗಿ ಸಂಜೆ ಬರುತ್ತಾಳೆ. ಮಾವ ಸ್ಟೇಷನ್ನಿಗೆ ಬಿಡಲು ಹೋಗುವಾಗ ನಮ್ಮ ಗೇಟಿನ ಬಳಿ ನಿಂತು, ಇವಳ ಮುಂದೆ ಮಾತಾಡುವುದೆಂದರೆ ಸಾಹೇಬರ ಮುಂದೆ ಮಾತಾಡಿದ ಹಾಗಾಗಿದೆ ಎಂದು ದೂರುತ್ತಾರೆ. ದೂರಿನಲ್ಲಿ ಎಷ್ಟು ಖುಷಿ ಇರುತ್ತದೆ ಎಂದರೆ, ದಿನಾ ಅದನ್ನೇ ಕೇಳಿದರೂ ನನಗೆ ಬೇಸರವಿಲ್ಲ. ನಾನು ಹೂಂ ಅನ್ನುತ್ತ ಬಾಗಿಲ ಮುಂದಿನ ಫರ್ಸಿ ಗುಡಿಸುತ್ತೇನೆ. ಗೌಂಡಿ ಆರಿಸಿದ್ದು ಬಣ್ಣದಲ್ಲಿ ಏನೂ ಅಲ್ಲದ ಕಲ್ಲು. ಮಳೆಗಾಲ ಕಳೆದರೂ ಒಂದಿಷ್ಟೂ ಅಲುಗಾಡಿಲ್ಲ.