ಹನ್ನೊಂದು ದಿನದ ಆಟಗಾರ

ಸ್ಕಾಟ್ಲೆಂಡಿನ ಡಾಲ್‌ಗ್ರೇನ್ ಮತ್ತು ಅದರ ಸುತ್ತಲಿನ ಗಣಿ ಹಳ್ಳಿಗಳಿಗೆ ಸಹಕಾರ ಸಂಘದ ಬ್ರೆಡ್ ವ್ಯಾನು ಓಡಿಸುತ್ತಿದ್ದವನು ಕ್ವಿಂಟಿನ್ ಮೆಕ್ರಿಂಡಲ್. ಬ್ರೆಡ್ಡು, ರೋಲು, ಮಾಂಸದ ಪೈ ಮಾರುವುದು ಹೊಟ್ಟೆಪಾಡು. ಹುಡುಗರ ಫುಟ್‌ಬಾಲ್ ನೋಡಿ, ಯಾರ ಕಾಲಿನಲ್ಲಿ ಏನಿದೆ ಎಂದು ಇಂಗ್ಲೆಂಡಿನ ಕ್ರಾಸ್‌ಲೀ ಟೌನ್ ಕ್ಲಬ್ಬಿಗೆ ಬರೆದು ಕಳಿಸುವುದು ಇನ್ನೊಂದು ಕೆಲಸ. ಆ ಕೆಲಸಕ್ಕೆ ಕ್ಲಬ್ಬು ಬಸ್ ಚಾರ್ಜು ಕೊಡುತ್ತಿತ್ತು, ಕ್ರಿಸ್‌ಮಸ್ಸಿಗೆ ಒಂದು ಕ್ಯಾಲೆಂಡರ್ ಕಳಿಸುತ್ತಿತ್ತು.

ತನ್ನ ಕಣ್ಣಿನ ಬಗ್ಗೆ ಕ್ವಿಂಟಿನ್ನಿಗೆ ಯಾವ ಭ್ರಮೆಯೂ ಇರಲಿಲ್ಲ. ಒಮ್ಮೆ ಕಿಲ್ಮಾರ್ನಾಕಿನ ಮಂಜಿನಲ್ಲಿ ಆಟ ನೋಡಿ, ಏಳನೇ ನಂಬರಿನವನ ಎಡಗಾಲು ಬಂಗಾರ ಎಂದು ಎರಡು ಪುಟ ಬರೆದಿದ್ದ. ಕ್ಲಬ್ಬಿನವರು ಆ ಹುಡುಗನನ್ನು ಕರೆಸಿಕೊಂಡರು. ವಿರಾಮದ ಹೊತ್ತಿಗೆ ಹುಡುಗರು ಅಂಗಿ ಬದಲಿಸಿಕೊಂಡಿದ್ದರಂತೆ. ಹೋದವನು ಎಡಗಾಲಿನಿಂದ ಚೆಂಡು ಮುಟ್ಟಿದರೆ ಬೀಳುತ್ತಿದ್ದ. ಇನ್ನೊಬ್ಬ ಪುಟ್ಟ ಹುಡುಗನ ಬಗ್ಗೆ, "ಚೆನ್ನಾಗಿ ಆಡುತ್ತಾನೆ, ಆದರೆ ಜೋರಾಗಿ ಗಾಳಿ ಬೀಸಿದರೆ ಸಿಗುವುದಿಲ್ಲ" ಎಂದು ಬರೆದಿದ್ದ. ಆ ಹುಡುಗ ಬೇರೆ ಕ್ಲಬ್ಬಿಗೆ ಹೋಗಿ ಹನ್ನೆರಡು ವರ್ಷ ಅಲ್ಲಾಡದೆ ನಿಂತ. ಆ ವರದಿಯ ನಕಲನ್ನು ಕ್ವಿಂಟಿನ್ ತನ್ನ ಮನೆಯ ಪಾಯಿಖಾನೆ ಬಾಗಿಲಿನ ಒಳಮೈಗೆ ಅಂಟಿಸಿದ್ದ. ದಿನಕ್ಕೊಮ್ಮೆ ಕೂತು ಅದನ್ನು ಓದಿದರೆ ತಲೆ ನೆಟ್ಟಗಿರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಇಷ್ಟು ಧಾರಾಳವಾಗಿ ತನ್ನನ್ನೇ ಆಡಿಕೊಳ್ಳುವ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದು ಅವನ ಮೊಣಕಾಲು.

ಹದಿನೈದನೆಯ ವಯಸ್ಸಿನಲ್ಲಿ ಅವನೂ ಆಟಗಾರನೇ. ಮೂವತ್ತಾರನೇ ಇಸವಿಯಲ್ಲಿ ಇಂಗ್ಲೆಂಡಿನ ನಡುಭಾಗದ ಒಂದು ಕ್ಲಬ್ಬು ಅವನನ್ನು ಕರೆಸಿಕೊಂಡಿತ್ತು. ಆಗ ಡಾಲ್‌ಗ್ರೇನಿಗೂ ರೈಲಿತ್ತು. ಅರ್ಧ ಊರು ನಿಲ್ದಾಣಕ್ಕೆ ಬಂದು, ಚರ್ಚಿನ ಬ್ಯಾಂಡು ಬಾರಿಸಿ ಅವನನ್ನು ಕಳಿಸಿಕೊಟ್ಟಿತು. ಹನ್ನೊಂದನೆಯ ದಿನ ಅದೇ ನಿಲ್ದಾಣದಲ್ಲಿ ಅವನು ಒಬ್ಬನೇ ಇಳಿದ. ಎದುರಿಗೆ ಟಿಕೆಟ್ ಕೇಳುವವನು ನಿಂತಿದ್ದ. "ಏನಾಯ್ತೋ ಮಗಾ?" ಎಂದ. ಮನೆ ನೆನಪಾಗಿ ರಾತ್ರಿಯೆಲ್ಲ ಅತ್ತು ಓಡಿಬಂದೆ ಎಂದು ಬ್ಯಾಂಡಿನ ಸದ್ದಿನೊಂದಿಗೆ ಹೋದವನು ಹೇಗೆ ಹೇಳಿಯಾನು? "ಮೊಣಕಾಲು" ಎಂದ. ಅಂದಿನಿಂದ ಕುಂಟಲು ಶುರು ಮಾಡಿದ.

ಸುಳ್ಳು ಹೇಳುವುದು ಸುಲಭ, ಅದನ್ನು ಹೊತ್ತು ತಿರುಗುವುದು ಕಷ್ಟ. ಮಳೆ ಬಂದಾಗ ಓಡುವ ಹಾಗಿಲ್ಲ. ಮದುವೆಮನೆಗಳಲ್ಲಿ ಕುಣಿಯುವಾಗ ಎರಡನೇ ಹಾಡಿಗೆ ಮೊಣಕಾಲು ಹಿಡಿದು ಕೂರಬೇಕು. ಯುದ್ಧ ಬಂದಾಗ ಸೈನ್ಯದ ಡಾಕ್ಟರು ಕಾಲನ್ನು ಎಳೆದು, ಮಡಚಿ, ಬಡಿದು ನೋಡಿ, ಇಷ್ಟು ಒಳ್ಳೆಯ ಮೊಣಕಾಲನ್ನು ಆ ವಾರ ನೋಡಿಯೇ ಇರಲಿಲ್ಲ ಎಂದು ಷರಾ ಬರೆದರು. ಬೆನ್ನ ಮೇಲೆ ಹೊರೆ ಹೊತ್ತು ಇಟಲಿಯ ಗುಡ್ಡಗಳನ್ನೆಲ್ಲ ಹತ್ತಿಳಿದು ಬಂದ ಕ್ವಿಂಟಿನ್, ಡಾಲ್‌ಗ್ರೇನ್ ನಿಲ್ದಾಣದಲ್ಲಿ ಕಾಲಿಡುತ್ತಲೇ ಮತ್ತೆ ಕುಂಟತೊಡಗಿದ. ಆಮೇಲೆ ನೆಟ್ಟಾಳನ್ನು ಮದುವೆಯಾದ. ಅವಳು ಒಂದು ದಿನವೂ ಆ ಕಾಲಿನ ಸುದ್ದಿ ಎತ್ತಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾಳೆ ಎಂದುಕೊಂಡು ಅವನು ಅವಳನ್ನು ಇನ್ನಷ್ಟು ಪ್ರೀತಿಸಿದ.

ಅರವತ್ತೇಳರ ವಸಂತದಲ್ಲಿ ಅವನ ಕಣ್ಣಿಗೆ ಡ್ರೂ ಲೋಗನ್ ಬಿದ್ದ. ಗಣಿಯ ಬೂದಿದಿಬ್ಬದ ಪಕ್ಕದ ಬಯಲಿನಲ್ಲಿ ಆಡುತ್ತಿದ್ದ ಹದಿನೈದರ ಹುಡುಗ. ಚೆಂಡು ಅವನ ಕಾಲ ಬಳಿ ಬಂದರೆ ಸಾಕಿದ ನಾಯಿಯಂತೆ ನಿಲ್ಲುತ್ತಿತ್ತು. ಈ ಸಲ ಮಂಜಿರಲಿಲ್ಲ. ಅಂಗಿ ಬದಲಾಗಿಲ್ಲವೆಂದು ಎರಡು ಸಲ ವಿಚಾರಿಸಿಯೂ ನೋಡಿದ. ಕ್ಲಬ್ಬಿನಲ್ಲಿ ಹುಡುಗರ ಉಸ್ತುವಾರಿ ನೋಡುತ್ತಿದ್ದ ಡಕ್‌ವರ್ತ್ ಎಂಬಾತ ತಾನೇ ಬಂದು ನೋಡಿ, ಕರೆದುಕೊಂಡು ಬಾ ಎಂದ.

ಲೋಗನ್ ಮನೆಯ ಅಡಿಗೆಮನೆಯಲ್ಲಿ ಮಾತುಕತೆ ನಡೆಯಿತು. ಅಪ್ಪ ವಿಲ್ಲಿ ಗಣಿಯಿಂದ ಬಂದು ಮೈ ತೊಳೆದು ಕೂತಿದ್ದ. ಮಗ ಗಣಿಗಿಳಿಯದೆ ನೆಲದ ಮೇಲೆಯೇ ಬದುಕಿದರೆ ಅವನಿಗೆ ಅಷ್ಟೇ ಸಾಕಾಗಿತ್ತು. ತಾಯಿ ಇಸೊಬೆಲ್ ಶಾಲೆಯಲ್ಲಿ ಊಟ ಬಡಿಸುವವಳು. ಅವಳ ಪ್ರಶ್ನೆಗಳು ಮುಗಿಯಲೇ ಇಲ್ಲ. ಎಲ್ಲಿ ಮಲಗುತ್ತಾನೆ, ಬಟ್ಟೆ ಯಾರು ಒಗೆಯುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಂದಳು. ಮಿಸೆಸ್ ಎಂಟ್‌ವಿಸಲ್ ಎಂಬಾಕೆಯ ಮನೆಯಿದೆ, ತಾಯಿಯಂಥವಳು ಎಂದ ಕ್ವಿಂಟಿನ್. ಆಕೆಯನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಹುಡುಗ ಮಾತ್ರ ಒಂದೇ ಮಾತು ಕೇಳಿದ.

"ಮಿಸ್ಟರ್ ಮೆಕ್ರಿಂಡಲ್, ನೀವು ಹೋಗಿದ್ರಲ್ಲ. ಹೇಗಿತ್ತು ಅಲ್ಲಿ?"

"ಭರ್ಜರಿಯಾಗಿತ್ತು ಮಗಾ. ಈ ಕಾಲೊಂದು ಕೈ ಕೊಡದೇ ಇದ್ದಿದ್ರೆ" ಎಂದು ಕ್ವಿಂಟಿನ್ ಮೊಣಕಾಲು ನೀವಿಕೊಂಡ. ಇಸೊಬೆಲ್ ಎದ್ದು ಟೀ ಕೆಟಲಿನ ಕಡೆ ತಿರುಗಿ ನಿಂತಳು.

ಜುಲೈ ತಿಂಗಳಿನಲ್ಲಿ ಡ್ರೂ ಹೋದ. ಅವನು ಹೋದ ಹತ್ತನೆಯ ದಿನ ಬೆಳಿಗ್ಗೆ ಕ್ವಿಂಟಿನ್ ವ್ಯಾನಿನ ತುಂಬ ಬಿಸಿ ರೋಲು ತುಂಬಿಕೊಂಡು ಹೆದ್ದಾರಿಯಿಂದ ಊರಿನ ಕಡೆಗೆ ತಿರುಗಿದ. ಮುಂದೆ ರಸ್ತೆಯ ಅಂಚಿನಲ್ಲಿ ಯಾರೋ ಸೂಟ್‌ಕೇಸು ಹಿಡಿದು ನಡೆಯುತ್ತಿದ್ದರು. ಬಲಗಾಲನ್ನು ಸ್ವಲ್ಪ ಹೊರಗೆ ಚಾಚಿ, ಹೆಜ್ಜೆ ಊರುವ ಮುನ್ನ ಒಂದು ಚೂರು ತಡೆದು, ಭುಜವನ್ನು ಇಳಿಸಿ ನಡೆಯುವ ನಡಿಗೆ. ಆ ಕುಂಟು ಎಲ್ಲೋ ನೋಡಿದ್ದು ಅನಿಸಿತು. ಇನ್ನೂ ಹತ್ತಿರ ಹೋದಾಗ ಗುರುತು ಸಿಕ್ಕಿತು. ಅದು ಅವನದೇ ಕುಂಟು. ಮೂವತ್ತೊಂದು ವರ್ಷ ಅವನು ತಿದ್ದಿ ತೀಡಿದ ಕುಂಟು. ಕುಂಟುತ್ತಿದ್ದವನು ಡ್ರೂ.

ವ್ಯಾನು ನಿಲ್ಲಿಸಿ ಹತ್ತು ಎಂದ. ಹುಡುಗ ಬಲಗಾಲನ್ನೇ ಮೊದಲು ಮೆಟ್ಟಿಲ ಮೇಲಿಟ್ಟು, ಇಡೀ ಮೈಭಾರ ಅದರ ಮೇಲೆ ಹಾಕಿ ಒಂದೇ ನೆಗೆತಕ್ಕೆ ಹತ್ತಿ ಕೂತ.

"ಏನಾಯ್ತು?" ಎಂದ ಕ್ವಿಂಟಿನ್.

"ಮೊಣಕಾಲು" ಎಂದ ಹುಡುಗ. ಮುಖ ಕಿಟಕಿಯ ಕಡೆ ಇತ್ತು.

ಕ್ವಿಂಟಿನ್ ಸ್ವಲ್ಪ ದೂರ ಹೋಗಿ ಒಂದು ಗೇಟಿನ ಬಳಿ ವ್ಯಾನು ನಿಲ್ಲಿಸಿದ. ರೋಲಿನ ವಾಸನೆ ಒಳಗೆಲ್ಲ ತುಂಬಿತ್ತು. ಒಂದನ್ನು ತೆಗೆದು ಹುಡುಗನ ಕೈಗಿಟ್ಟ. ಹೇಳಬೇಕಾದ ಮಾತೊಂದಿತ್ತು. ಆ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಯುದ್ಧದಲ್ಲಿ ಗುಂಡು ಹಾರುವಾಗ ಪಕ್ಕದಲ್ಲಿ ಮಲಗಿದ್ದವನಿಗೂ ಹೇಳಿರಲಿಲ್ಲ.

"ಹತ್ತುವಾಗ ನೋವಿರೋ ಕಾಲು ಮೊದಲು ಇಡಬಾರದು ಕಣೋ" ಎಂದ. "ಒಳ್ಳೇ ಕಾಲು ಮೊದಲು. ಇಳಿಯುವಾಗ ನೋವಿರೋದು ಮೊದಲು. ನನಗಿದು ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು."

ಹುಡುಗ ತಿರುಗಿ ನೋಡಿದ. ರೋಲು ಬಾಯಲ್ಲೇ ನಿಂತಿತ್ತು.

"ನಿಮ್ಮ ಕಾಲಿಗೆ...?"

"ಏನೂ ಆಗಿಲ್ಲ. ಯಾವತ್ತೂ ಆಗಿಲ್ಲ. ಅಮ್ಮ ಬೇಕು ಅನ್ನಿಸ್ತು, ಓಡಿಬಂದೆ. ನೀನಾದ್ರೂ ಒಂಬತ್ತು ದಿನ ಇದ್ದೆ. ನಾನು ಹನ್ನೊಂದು ಇದ್ದೆ ನಿಜ, ಅದರಲ್ಲಿ ಎರಡು ದಿನ ರೈಲಿನ ಟೈಮು ಗೊತ್ತಾಗದೆ ಉಳಿದದ್ದು."

ಹುಡುಗ ಮೊದಲು ನಕ್ಕ, ಆಮೇಲೆ ಅತ್ತ, ಆಮೇಲೆ ಇನ್ನೊಂದು ರೋಲು ಕೇಳಿದ. ಅಲ್ಲಿ ಯಾರೂ ಕೆಟ್ಟವರಲ್ಲವಂತೆ. ಆದರೆ ಅವನು ಬಾಯಿ ಬಿಟ್ಟರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಡಾಲ್‌ಗ್ರೇನಿನಲ್ಲಿ ಜಾಮ್ ಹಚ್ಚಿದ ಬ್ರೆಡ್ಡಿಗೆ ಪೀಸು ಎನ್ನುತ್ತಾರೆ. ಮೊದಲ ಸಂಜೆ ಹಸಿವಾಗಿ, ಒಂದು ಪೀಸು ಕೊಡಿ ಎಂದು ಮಿಸೆಸ್ ಎಂಟ್‌ವಿಸಲ್ ಅವರನ್ನು ಕೇಳಿದ. ಆಕೆ ಬಹಳ ಅಕ್ಕರೆಯಿಂದ, "ಯಾವುದರ ಪೀಸಪ್ಪಾ?" ಎಂದರು. ಮೇಜಿನ ಸುತ್ತ ಕೂತಿದ್ದ ಇಂಗ್ಲಿಷ್ ಹುಡುಗರು ನಕ್ಕರು. ಮರುದಿನದಿಂದ ಅವನ ಹೆಸರೇ ಪೀಸ್ ಆಯಿತು. ಅವನು ಮಾತು ನಿಲ್ಲಿಸಿದ. ಎಂಟು ದಿನ ಹೌದು, ಇಲ್ಲ ಎರಡೇ ಮಾತು. ಒಂಬತ್ತನೆಯ ದಿನ ಮೊಣಕಾಲು ನೆನಪಾಯಿತು.

ಕ್ವಿಂಟಿನ್ ಹುಡುಗನೊಂದಿಗೆ ಲೋಗನ್ ಮನೆಯೊಳಗೆ ಹೋದ. ಹುಡುಗನ ಬಾಯಿಗೆ ಸುಳ್ಳು ಬರುವ ಮೊದಲೇ ತನ್ನದನ್ನು ಒಪ್ಪಿಸಿಬಿಟ್ಟ: ಇವನ ಕಾಲು ಸರಿಯಾಗಿದೆ, ಮನೆ ನೆನಪಾಗಿ ಬಂದಿದ್ದಾನೆ, ನನ್ನ ಕಾಲೂ ಸರಿಯಾಗಿಯೇ ಇದೆ, ನಾನೂ ಹಾಗೆಯೇ ಬಂದಿದ್ದು. ಇಷ್ಟು ದೊಡ್ಡ ಸುದ್ದಿಗೆ ಮನೆ ನಡುಗಬೇಕಿತ್ತು. ಇಸೊಬೆಲ್ ಮಗನ ಕೈಯಿಂದ ಸೂಟ್‌ಕೇಸು ತೆಗೆದುಕೊಂಡು ಗೋಡೆಗೆ ಒರಗಿಸಿದಳು.

"ಕ್ವಿಂಟಿನ್, ನಿನ್ನ ಮದುವೇಲಿ ನೀನು ಎಡಗಾಲು ಕುಂಟಿದೆ. ನಮ್ಮ ಮದುವೇಲಿ ಬಲಗಾಲು. ಊರಲ್ಲಿ ಯಾರಾದ್ರೂ ಕೇಳಿದ್ರಾ?"

"ಎಲ್ಲರಿಗೂ ಗೊತ್ತಾ?"

"ನಾಯಿಗಳಿಗೂ ಗೊತ್ತು. ನೀನು ವ್ಯಾನಿಂದ ಇಳಿದು ಪೈ ಕದ್ದ ನಾಯೀನ ಅಟ್ಟಿಸ್ಕೊಂಡು ಹೋಗಿದ್ದು ನೋಡಿಲ್ವಾ ನಾವು?"

ಕ್ವಿಂಟಿನ್ನಿಗೆ ಮೊದಲು ಆದದ್ದು ಹಗುರವಲ್ಲ, ಅವಮಾನವೂ ಅಲ್ಲ; ನಷ್ಟ. ಮೂವತ್ತೊಂದು ವರ್ಷ ದಿನ ತಪ್ಪದೆ ಮಾಡಿದ ನಾಟಕಕ್ಕೆ ಒಬ್ಬ ಪ್ರೇಕ್ಷಕನೂ ಇರಲಿಲ್ಲ! ಮನೆಗೆ ಹೋಗಿ ನೆಟ್ಟಾಳಿಗೆ ಹೇಳಿದ. ಅವಳು ಆಲೂಗಡ್ಡೆ ಸುಲಿಯುತ್ತಾ, ಅಂತೂ ಆಯಿತಲ್ಲ, ಇನ್ನು ಮೇಲೆ ಅಗ್ಗಿಷ್ಟಿಕೆಯ ಕಲ್ಲಿದ್ದಲಿನ ಬಕೆಟ್ಟು ನೀನೇ ಹೊತ್ತು ತಾ ಎಂದಳು. ಅಷ್ಟೂ ವರ್ಷ ಅದನ್ನು ಅವಳೇ ಹೊತ್ತಿದ್ದಳು. ಅಂದು ಸಂಜೆ ಅವನು ನಾಲ್ಕು ಬಕೆಟ್ಟು ತಂದಿಟ್ಟ. ಬೇಸಿಗೆಯಾದ್ದರಿಂದ ಒಂದೂ ಬೇಕಿರಲಿಲ್ಲ.

ಡಕ್‌ವರ್ತನಿಗೆ ಇದ್ದದ್ದನ್ನು ಇದ್ದಂತೆ ಬರೆದ. ಹುಡುಗರು ಓಡಿಬಂದಾಗ ಸಾಮಾನ್ಯವಾಗಿ ತಾಯಿಗೆ ಕಾಯಿಲೆ ಎಂದು ಬರೆಯುವುದು ಅವನ ರೂಢಿ. ಅವನ ವರದಿಗಳನ್ನು ನಂಬಿದರೆ ಆ ಸೀಮೆಯ ತಾಯಂದಿರೆಲ್ಲ ಹಾಸಿಗೆ ಹಿಡಿದಿರಬೇಕಿತ್ತು. ಈ ಸಲ ತನ್ನ ಹನ್ನೊಂದು ದಿನದ ಕಥೆಯನ್ನೂ ಸೇರಿಸಿದ. ಕೆಲಸ ಹೋಯಿತೆಂದೇ ಎಣಿಸಿದ್ದ. ಉತ್ತರ ಒಂದೇ ಸಾಲಿನದು: ಹುಡುಗನಿಗೆ ಮನಸ್ಸಿದ್ದರೆ ನೀನೇ ಕರೆತಂದು, ಅವನ ಜೊತೆ ಒಂದು ವಾರ ಇದ್ದು ಹೋಗು.

ಡ್ರೂ ಎರಡು ದಿನ ಯೋಚಿಸಿದ. ವಿಲ್ಲಿ ಮಗನಿಗೆ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಭಾನುವಾರ ಅವನನ್ನು ಕರೆದುಕೊಂಡು ಗಣಿಯ ಬಾಗಿಲವರೆಗೆ ನಡೆದು ಹೋಗಿ ವಾಪಸು ಬಂದ, ಅಷ್ಟೆ. ಸೋಮವಾರ ಹುಡುಗ ಬರುತ್ತೇನೆ ಎಂದ. ಕ್ವಿಂಟಿನ್ ಆಗಸ್ಟಿನ ರಜೆಯನ್ನು ನೆಟ್ಟಾಳೊಂದಿಗೆ ಗರ್ವನ್ ಕಡಲ ದಂಡೆಯಲ್ಲಿ ಕಳೆಯುವುದೆಂದು ನಿಶ್ಚಯವಾಗಿತ್ತು. ಅವಳು ತಂಗಿಯನ್ನು ಕರೆದುಕೊಂಡು ಹೋದಳು. ಇವನು ಸೂಟ್‌ಕೇಸು ಹಿಡಿದು ಕ್ರಾಸ್‌ಲೀಗೆ ಹೊರಟ.

ಮಿಸೆಸ್ ಎಂಟ್‌ವಿಸಲ್ ನಿಜಕ್ಕೂ ತಾಯಿಯಂಥವಳೇ ಆಗಿದ್ದಳು. ಕ್ವಿಂಟಿನ್ನಿಗೆ ಅದೇ ದೊಡ್ಡ ಸಮಾಧಾನ, ಗುರಿ ನೋಡದೆ ಬಿಟ್ಟ ಬಾಣ ಹಣ್ಣಿಗೇ ತಾಗಿದ ಹಾಗೆ. ಮಹಡಿಯ ಸಣ್ಣ ಕೋಣೆಯಲ್ಲಿ ಅವನಿಗೆ ಮಂಚ ಹಾಕಿದರು. ಮೊದಲ ದಿನ ಚೆನ್ನಾಗಿತ್ತು. ಎರಡನೆಯ ದಿನ ಅಂಗಡಿಯಲ್ಲಿ ಅವನು ಮೂರು ಸಲ ಹೇಳಿದರೂ ಬೆಂಕಿಪೊಟ್ಟಣದ ಬದಲು ಬೇರೇನೋ ಕೊಟ್ಟರು. ಮೂರನೆಯ ದಿನ ಮಧ್ಯಾಹ್ನ, ಹುಡುಗರು ಅಭ್ಯಾಸಕ್ಕೆ ಹೋಗಿದ್ದಾಗ, ಕಿಟಕಿಯಾಚೆಯ ಇಟ್ಟಿಗೆ ಗೋಡೆ ನೋಡುತ್ತಾ ಕೂತವನಿಗೆ ನೆಟ್ಟಾ, ವ್ಯಾನು, ಗಣಿಯ ದಿಬ್ಬ ಎಲ್ಲ ಒಟ್ಟಿಗೆ ನೆನಪಾಯಿತು. ಅಭ್ಯಾಸ ಮುಗಿಸಿ ಬಂದ ಡ್ರೂ ಬಾಗಿಲು ತೆರೆದಾಗ, ನಲವತ್ತಾರು ವಯಸ್ಸಿನ ಕ್ವಿಂಟಿನ್ ಮೆಕ್ರಿಂಡಲ್ ಮಂಚದ ಅಂಚಿನಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ರೈಲಿನ ವೇಳಾಪಟ್ಟಿ ಬಿಚ್ಚಿತ್ತು.

"ನೆಗಡಿ" ಎಂದ.

"ಮಿಸ್ಟರ್ ಮೆಕ್ರಿಂಡಲ್" ಎಂದ ಡ್ರೂ, "ಬನ್ನಿ, ಹೊರಗೆ ಹೋಗೋಣ."

ಹುಡುಗ ಅವನನ್ನು ಊರಿನ ಪಾರ್ಕಿಗೆ ಕರೆದುಕೊಂಡು ಹೋದ. ಇಂಗ್ಲಿಷ್ ಹುಡುಗರಿಬ್ಬರು ಸೇರಿಕೊಂಡರು. ಈ ಮನುಷ್ಯ ಏನು ಹೇಳುತ್ತಾನೆ ಎಂದು ಅವರು ಕೇಳಿದ್ದಕ್ಕೆಲ್ಲ ಡ್ರೂ ದುಭಾಷಿಯಾದ. ಎಂಟು ದಿನ ಬಾಯಿ ಮುಚ್ಚಿದ್ದವನು ಕ್ವಿಂಟಿನ್ನ ಪರವಾಗಿ ಸಂಜೆಯವರೆಗೆ ಮಾತಾಡಿದ. ತನ್ನದಕ್ಕಿಂತಲೂ ಅರ್ಥವಾಗದ ಮಾತಿನವನೊಬ್ಬ ಸಿಕ್ಕಿದ್ದೇ ಅವನಿಗೆ ಬಲವಾಯಿತು. ಹೀಗೆ ಕ್ವಿಂಟಿನ್ ತನ್ನ ಬದುಕಿನಲ್ಲೇ ಅತ್ಯಂತ ಉಪಯುಕ್ತ ಕೆಲಸವನ್ನು ಅಳುವುದರಿಂದ ಸಾಧಿಸಿದ. ಏಳು ದಿನ ತುಂಬಿಸಿ ಹಿಂತಿರುಗಿದ; ಹುಡುಗ ಅವನನ್ನು ರೈಲು ಹತ್ತಿಸಿ, ದಾರಿಗೆಂದು ಜಾಮ್ ಹಚ್ಚಿದ ಪೀಸು ಕಟ್ಟಿಕೊಟ್ಟು, ಅಲ್ಲೇ ಉಳಿದ.

ಅಲ್ಲಿಂದ ಮುಂದೆ ಯಾವ ಹುಡುಗನನ್ನು ಕಳಿಸಿದರೂ ಕ್ವಿಂಟಿನ್ ಮೊದಲ ವಾರ ಜೊತೆಗಿರುತ್ತಿದ್ದ. ಒಬ್ಬೊಬ್ಬರನ್ನೇ ಕಳಿಸುವುದು ಬಿಟ್ಟು, ಒಂದೇ ಸೀಮೆಯ ಇಬ್ಬರನ್ನು ಒಂದೇ ಮನೆಯಲ್ಲಿ ಇರಿಸುವಂತೆ ಕ್ಲಬ್ಬನ್ನು ಒಪ್ಪಿಸಿದ. ಆದರೂ ಎಷ್ಟೋ ಮಂದಿ ಓಡಿಬಂದರು. ಕುಂಟದೆ ಬಂದರು, ಅಷ್ಟೇ ವ್ಯತ್ಯಾಸ.

ಡ್ರೂ ನಾಲ್ಕು ವರ್ಷ ಮೀಸಲು ತಂಡದಲ್ಲಿ ಬೆವರು ಸುರಿಸಿ, ಕೊನೆಗೆ ಮುಖ್ಯ ತಂಡಕ್ಕೆ ಒಂಬತ್ತು ಪಂದ್ಯ ಆಡಿದ. ಆಮೇಲೆ ಸ್ಕಾಟ್ಲೆಂಡಿನ ಸಣ್ಣ ಕ್ಲಬ್ಬೊಂದಕ್ಕೆ ಬಂದ, ವಿದ್ಯುತ್ ಕೆಲಸ ಕಲಿತ, ಎಂಟ್‌ವಿಸಲ್ ಮನೆಯ ಪಕ್ಕದ ಬೀದಿಯ ಹುಡುಗಿಯನ್ನೇ ಮದುವೆಯಾದ. ಆ ಒಂಬತ್ತರಲ್ಲಿ ಒಂದು ಪಂದ್ಯ ನೋಡಲು ಕ್ವಿಂಟಿನ್ ಹೋಗಿದ್ದ. ಮೊದಲ ಅರ್ಧ ಗೋಲಿಲ್ಲದೆ ಕಳೆಯಿತು. ವಿರಾಮದಲ್ಲಿ ಬಿಸಿ ಪೈ ತರಲು ಹೋದವನು ಸಾಲಿನಲ್ಲಿ ಸಿಕ್ಕಿಕೊಂಡ. ಬ್ರೆಡ್ ವ್ಯಾನಿನವನಾದ್ದರಿಂದ, ಪೈ ತಣ್ಣಗಿದೆ ಎಂದು ಅಂಗಡಿಯವನ ಜೊತೆ ವಾದಕ್ಕೂ ನಿಂತ. ಅಷ್ಟರಲ್ಲಿ ಮೈದಾನವೆಲ್ಲ ಒಮ್ಮೆಲೇ ಗುಡುಗಿತು.

ಊರಿಗೆ ಬಂದಾಗ ಇಸೊಬೆಲ್ ಬಾಗಿಲಲ್ಲೇ ಕಾಯುತ್ತಿದ್ದಳು.

"ನಮ್ಮ ಡ್ರೂ ಹೊಡೆದ ಗೋಲು ನೋಡಿದ್ಯಾ ಕ್ವಿಂಟಿನ್?"

"ಇಲ್ಲ" ಎಂದ ಕ್ವಿಂಟಿನ್. "ಕೇಳಿಸ್ತು. ಚೆನ್ನಾಗೇ ಕೇಳಿಸ್ತು."