ಜೇನಿನ ಲಾರಿಯ ಮುರಿದ ಬೋಲ್ಟು

ಲಾರಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಾಗ ಅದರ ಮೂತಿಯಿಂದ ಹಬೆ ಬುಸುಗುಡುತ್ತಿತ್ತು. ಗೇಟಿಗೆ ಬೆಸುಗೆ ಹಾಕುತ್ತಿದ್ದ ಅತ್ತಿಗೆ ಮುಖದ ಗಾಜು ಮೇಲೆತ್ತಿ ನೋಡಿದಳು. ಲಾರಿಯ ತುಂಬ ಮರದ ಪೆಟ್ಟಿಗೆಗಳು, ಬಾಯಿಗೆ ಜಾಲರಿ, ಒಳಗೆಲ್ಲ ಜೇನುಹುಳ.

ಅವಳು ಇಡೀ ಬೀದಿಗೆ ಅತ್ತಿಗೆಯಾದದ್ದು ಮೈದುನನಿಂದ. ಒಂದೇ ತಗಡಿನ ಸೂರಿನ ಕೆಳಗೆ ಎಡಕ್ಕೆ ಅವನ ಎಂಜಿನ್ ರಿಪೇರಿ, ಬಲಕ್ಕೆ ಅವಳ ಬೆಸುಗೆ. ಹೊತ್ತುಹೊತ್ತಿಗೂ ಅವನು "ಅತ್ತಿಗೇ" ಎಂದು ಕೂಗುವುದನ್ನು ಕೇಳಿ ಕೇಳಿ ಬೀದಿಯೂ ಹಾಗೇ ಕರೆಯತೊಡಗಿತು. ಬೆಸುಗೆ ಅಂಗಡಿ ಮೊದಲು ಅವಳ ಗಂಡನದು. ಸೊಂಟ ಹಿಡಿದು ಬಗ್ಗಲಾರದೆ ಹೋದಾಗ ಅವನು, "ಒಂದು ವಾರ ನೀನು ಕೈ ಹಾಕು, ನಾನು ಕೂತು ಹೇಳ್ತೀನಿ" ಅಂದಿದ್ದ. ಆ ವಾರ ಇನ್ನೂ ಮುಗಿದಿಲ್ಲ. ಈಗ ಅವನು ಮನೆಯಲ್ಲಿ ಅಡುಗೆ ಮಾಡಿಟ್ಟು ಬಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಹೇಳುವುದನ್ನಂತೂ ನಿಲ್ಲಿಸಿಲ್ಲ.

ಶುರುವಿನಲ್ಲಿ ಅವಳ ಬೆಸುಗೆ ನೋಡಿ ಮೈದುನ, "ಇದೇನು, ಕಾಗೆ ಹಿಕ್ಕೆ ಹಾಕಿದ ಹಾಗಿದೆ" ಎಂದು ನಗುತ್ತಿದ್ದ. ನಗಲಿ ಬಿಡು ಎಂದು ಅವಳು ಚೂರುಪಾರು ಕಬ್ಬಿಣ ರಾಶಿ ರಾಶಿ ಸುಟ್ಟು ಕೈ ಪಳಗಿಸಿಕೊಂಡಳು. ಈಗ ಅವಳ ಗೇಟುಗಳನ್ನು ಬೀದಿಯೇ ಮೆಚ್ಚುತ್ತದೆ. ಆದರೂ ಎಂಜಿನ್ನಿನ ಹತ್ತಿರ ಮಾತ್ರ ಅವನು ಅವಳನ್ನು ಬಿಟ್ಟುಕೊಂಡವನಲ್ಲ. "ಗೇಟೇ ಬೇರೆ, ಎಂಜಿನ್ನೇ ಬೇರೆ, ಅತ್ತಿಗೆ" ಎನ್ನುತ್ತಿದ್ದ.

ಲಾರಿಯಿಂದ ಇಳಿದ, ಆ ಹುಳಗಳ ಒಡತಿ ಜೇನಿನಕ್ಕನ ಕಾಲು ನೆಲದ ಮೇಲೆ ನಿಲ್ಲಲೊಲ್ಲದು.

"ಹೂವಿರೋ ಕಡೆ ಸಾಗಿಸ್ತಿದ್ದೆ ಅಣ್ಣಾ. ಗಾಡಿ ಓಡ್ತಿದ್ರೆ ಗಾಳಿ ಆಡತ್ತೆ. ನಿಂತರೆ ಒಳಗೇ ಬೆಂದು ಹೋಗ್ತವೆ. ಬಿಸಿಲು ನೆತ್ತಿಗೆ ಬರೋದ್ರೊಳಗೆ ಹೊರಡಲೇಬೇಕು."

"ಪೆಟ್ಟಿಗೆ ಬಾಯಿ ತೆಗೆದುಬಿಡಿ ಹಾಗಾದ್ರೆ," ಎಂದ ಡ್ರೈವರ್.

"ಈ ಬೀದೀಲಾ? ಸರಿ, ಮೊದಲು ನೀನು ಓಡು, ಆಮೇಲೆ ತೆಗೀತೀನಿ!"

ಬೇರೆ ಲಾರಿ ಹುಡುಕಿ ಹೇರುವುದೆಂದರೆ ಸಂಜೆಯೇ ಆದೀತು. ಮೈದುನ ಆಗಲೇ ಎಂಜಿನ್ನಿನೊಳಗೆ ತಲೆ ತೂರಿಸಿದ್ದ. ಕೆಟ್ಟದ್ದು ಎಂಜಿನ್ನಿಗೆ ನೀರು ತಳ್ಳುವ ಪಂಪು. ಹೊಸದು ಅವನಲ್ಲೇ ಇತ್ತು. "ಕೈ ತೊಳೆಯೋದ್ರಲ್ಲಿ ಮುಗೀತು ಅನ್ಕೊಳ್ಳಿ" ಎಂದು ರೇಡಿಯೇಟರ್ ಇಳಿಸಿ, ಹಳೆಯ ಪಂಪಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಎಲ್ಲ ಬಂದವು. ತಳದ ಒಂದು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಪ್ಯಾನರಿಗೆ ಉದ್ದನೆ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹೇರಿದ.

ಟಕ್!

ಬೋಲ್ಟಿನ ತಲೆ ಸ್ಪ್ಯಾನರಿನ ಜೊತೆ ಬಂತು. ಮುಂಡ ಒಳಗೇ ಉಳಿಯಿತು. ಮೈದುನನ ಮುಖ ಇಂಗು ತಿಂದ ಮಂಗನಂತಾಯಿತು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಭೂಪ!" ಎಂದ ಗಂಡ, ಕುರ್ಚಿಯಿಂದಲೇ.

"ನೀನು ಸುಮ್ನಿರಣ್ಣ!"

ಮೈದುನ ಡ್ರಿಲ್ ತಂದು ಮುರಿದ ತುದಿಯ ಮೇಲೆ ಇಟ್ಟ. ತುದಿ ಓರೆಯಾಗಿ ಮುರಿದಿತ್ತು, ಡ್ರಿಲ್ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿ ಎರಕದ ಕಬ್ಬಿಣದ ಮೇಲೆ ಗೀರಿತು. ಇನ್ನೊಮ್ಮೆ ಜಾರಿ ಒಳಗಿನ ಮರೆ, ಬೋಲ್ಟು ಕಚ್ಚುವ ಆ ಸುರುಳಿ ಗೀರು, ಕೆಟ್ಟರೆ ಯಾವ ಬೋಲ್ಟೂ ಅಲ್ಲಿ ನಿಲ್ಲದು, ಪಂಪೂ ಕೂರದು. ಅವನ ಕೈ ತಾನೇ ಹಿಂದೆ ಸರಿಯಿತು.

ಅತ್ತಿಗೆ ಆಗಲೇ ಕೇಬಲ್ಲು ಎಳೆದುಕೊಂಡು ಬರುತ್ತಿದ್ದಳು.

"ಸರಿ ಆ ಕಡೆ. ಬ್ಯಾಟರಿ ವೈರು ಕಳಚು ಮೊದಲು."

"ಅತ್ತಿಗೆ, ಇದು ಎಂಜಿನ್ನು..."

"ಗೊತ್ತಪ್ಪ, ಗೇಟಲ್ಲ ಅಂತ ಕಣ್ಣಿಗೆ ಕಾಣಿಸ್ತಿದೆ. ಕಳಚು!"

ಯೋಚನೆ ಸರಳವಾಗಿತ್ತು. ಮುರಿದ ಮುಂಡದ ಮೇಲೆ ಹನಿ ಹನಿಯಾಗಿ ಬೆಸುಗೆ ಬೆಳೆಸಿ ಮೇಲಕ್ಕೆ ತರಬೇಕು, ಅದಕ್ಕೊಂದು ನಟ್ಟು ಅಂಟಿಸಬೇಕು. ಹೋದ ತಲೆಯ ಬದಲಿಗೆ ಹೊಸ ತಲೆ! ಮುಂಡ ಉಕ್ಕಿನದು, ಸುತ್ತ ಎರಕದ ಕಬ್ಬಿಣ. ಎರಕಕ್ಕೆ ಈ ಬೆಸುಗೆ ಸುಲಭಕ್ಕೆ ಅಂಟದು. ಕೈ ಮಾತ್ರ ಅಲುಗಬಾರದು. ಅವಳು ಉಸಿರು ಹಿಡಿದು ಕಿಡಿ ಹಚ್ಚಿದಳು.

ಹೊರಗೆ ಬೀದಿಗೆ ಬೀದಿಯೇ ಎದ್ದಿತ್ತು. ಟಯರಿನಂಗಡಿಯವರು ಲಾರಿಯ ಮೇಲೆ ತಾಡಪಾಲು ಎತ್ತಿ ಹಿಡಿದು ನೆರಳು ಮಾಡಿದರು. ಗಂಡ ಕುರ್ಚಿಯಲ್ಲೇ ಕೂತು ಪೈಪಿನಿಂದ ಪೆಟ್ಟಿಗೆಗಳ ಮೇಲೆ ನೀರು ಚಿಮುಕಿಸಿದ. ಹೇಗೋ ಹೊರಬಿದ್ದ ಒಂದು ಹುಳ ಅವನ ಕಿವಿಗೆ ಕುಟುಕಿತು.

"ಅಯ್ಯಯ್ಯೋ! ನೀರು ಕೊಟ್ಟೋನಿಗೇ ಈ ಮರ್ಯಾದೆನಾ!"

ನಟ್ಟು ಅಂಟಿತು, ಕೆಂಪಗೆ ಕಾದಿತ್ತು. ಜೇನಿನಕ್ಕ ಪೆಟ್ಟಿಗೆಗೆ ಕಿವಿಯಿಟ್ಟು, "ಸದ್ದು ಏರ್ತಿದೆ! ರೆಕ್ಕೆ ಬೀಸಿ ಬೀಸಿ ಸುಸ್ತಾಗ್ತಿವೆ, ಬೇಗ!" ಎಂದು ಕೂಗಿದಳು. ಆ ಕೂಗಿಗೆ ಅತ್ತಿಗೆಯ ಜೀವ ಬಾಯಿಗೆ ಬಂತು. ಬಿಸಿ ಆರುವ ಮೊದಲೇ ಸ್ಪ್ಯಾನರ್ ಹಾಕಿ ತಿರುಗಿಸಿಬಿಟ್ಟಳು. ಮೆತ್ತಗಿದ್ದ ಬೆಸುಗೆ ಕಿತ್ತು, ನಟ್ಟು ಉರುಳಿ ನೆಲಕ್ಕೆ ಬಿತ್ತು.

ಮೈದುನ ಬಗ್ಗಿ ಇನ್ನೊಂದು ನಟ್ಟು ಆರಿಸಿ, ಬಟ್ಟೆಯಿಂದ ಉಜ್ಜಿ ಅವಳ ಅಂಗೈಗಿಟ್ಟ.

"ಹಾಕಿ ಅತ್ತಿಗೆ. ಬೆಳಕು ನಾನು ಹಿಡೀತೀನಿ."

ಮತ್ತೆ ಕಿಡಿ, ಮತ್ತೆ ಹೊಗೆ. ಎರಡನೆಯ ನಟ್ಟು ಕೂತಿತು. ಈ ಸಲ ಅವಳು ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದು ನಿಂತುಬಿಟ್ಟಳು.

"ಏನು ನಿಂತ್ಬಿಟ್ಟೆ ತಾಯಿ? ತಿರುಗಿಸು!" ಜೇನಿನಕ್ಕ ಅಳುವುದೊಂದು ಬಾಕಿ.

"ಇಲ್ಲಕ್ಕ. ಕಾದಾಗ ಉಬ್ಬಿರತ್ತೆ, ಆರ್ತಾ ಆರ್ತಾ ಕುಗ್ಗಿ ತುಕ್ಕಿನ ಹಿಡಿತ ಬಿಡಿಸ್ಕೊಳ್ಳತ್ತೆ. ಆಗಲೇ ಒಂದ್ಸಲ ಕೆಡಿಸಿದೀನಿ."

"ನನ್ನ ಹುಳ ಕಾಯ್ತಾವಾ?"

"ಇನ್ನೊಮ್ಮೆ ಮುರಿದ್ರೆ ಕಾಯೋ ಮಾತೇ ಇರಲ್ಲ."

ನಟ್ಟಿನ ಮೇಲೇ ಅವಳ ಕಣ್ಣು. ಕೆಂಪು ಹೋಗಿ ಕಪ್ಪಾಯಿತು. ಅವಳು ಮೇಣದಬತ್ತಿಯ ತುಂಡೊಂದನ್ನು ನಟ್ಟಿನ ಬುಡಕ್ಕೆ ತಾಗಿಸಿದಳು. ಮೇಣ ಚುರ್ ಎಂದು ಹೊಗೆಯಾಯಿತು, ಇನ್ನೂ ಬಿಸಿ. ಮತ್ತೆ ತಾಗಿಸಿದಳು. ಈ ಬಾರಿ ಕರಗಿ, ಎಣ್ಣೆಯಂತೆ ಮೆಲ್ಲಗೆ ಮರೆಯ ಸಂದಿಗೆ ಇಳಿಯಿತು.

"ಹಾಂ! ಕುಡೀತು ನೋಡು!"

ಸ್ಪ್ಯಾನರ್ ಹಾಕಿ ಅವಳು ಬಿಚ್ಚಲಿಲ್ಲ, ಬಿಗಿಸಿದಳು. ಒಂದೇ ಒಂದು ಕೂದಲೆಳೆಯಷ್ಟು.

"ಅತ್ತಿಗೇ, ಉಲ್ಟಾ!" ಮೈದುನ ಚೀರಿದ.

"ಗಂಟು ಬಿಚ್ಚೋವಾಗ ಮೊದಲು ದಾರ ಒಳಕ್ಕೆ ತಳ್ಳಲ್ವೇನೋ? ಹಾಗೆ."

ಬಿಗಿಸಿದ್ದು ತುಸು ಅಲುಗಿತು. ಕಿರ್ರ್ ಎಂಬ ಸಣ್ಣ ಸದ್ದು. ಈಗ ಬಿಚ್ಚುವ ಕಡೆ, ಮತ್ತೆ ಬಿಗಿಸುವ ಕಡೆ. ಆ ಕಡೆ ಒಂದೆಳೆ, ಈ ಕಡೆ ಎರಡೆಳೆ. ಮೈದುನ ಬೆಳಕು ಹಿಡಿದಲ್ಲೇ ಕುಣಿಯತೊಡಗಿದ. "ಬಂತು, ಬಂತು, ಬರ್ತಿದೆ!"

"ಬೆಳಕು ಅಲ್ಲಾಡಿಸಬೇಡ್ವೋ, ಕೋತಿ!"

ಕಾಲು ಸುತ್ತು. ಅರ್ಧ ಸುತ್ತು. ಆಮೇಲೆ ಬೆಣ್ಣೆಯೊಳಗಿಂದ ಕೂದಲು ತೆಗೆದಂತೆ ಮುರಿದ ಬೋಲ್ಟು ಹೊಸ ತಲೆ ಹೊತ್ತು ಹೊರಗೆ ಬಂತು! ಬೀದಿಯೆಲ್ಲ ಹೋ ಎಂದಿತು. ಜೇನಿನಕ್ಕ ಮೈಯೆಲ್ಲ ಮಸಿಯಾದ ಅತ್ತಿಗೆಯನ್ನು ಹಾಗೆಯೇ ತಬ್ಬಿಕೊಂಡಳು. ಮೈದುನನಿಗೆ ಮಾತ್ರ ಸಂಭ್ರಮಕ್ಕೂ ಪುರುಸೊತ್ತಿಲ್ಲ. ಹೊಸ ಪಂಪು ಕೂರಿಸಿ, ರೇಡಿಯೇಟರ್ ಏರಿಸಿ, ನೀರು ತುಂಬಿ, ಬ್ಯಾಟರಿಗೆ ವೈರು ಸಿಕ್ಕಿಸಿದ. "ಹೊಡಿ ಸೆಲ್ಫು!" ಎಂಜಿನ್ ಗುಡುಗಿತು. ತೊಟ್ಟು ನೀರೂ ಸೋರಲಿಲ್ಲ.

ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಅತ್ತಿಗೆಯ ಕೈಗೆ ಗೇಟಿನ ಕೆಲಸ ಹತ್ತಲಿಲ್ಲ. ಹುಳಗಳು ಉಳಿದವೋ ಇಲ್ಲವೋ? ಹೊತ್ತು ಇಳಿಯುವಾಗ ಮೈದುನನ ಫೋನು ಬಡಿದುಕೊಂಡಿತು. ಅವನು ಅದನ್ನು ನೇರ ಅವಳ ಕೈಗೇ ಕೊಟ್ಟ.

"ತಾಯೀ, ತೋಟದ ನೆರಳಲ್ಲಿ ಪೆಟ್ಟಿಗೆ ತೆರೆದ್ವಿ," ಎಂದಳು ಜೇನಿನಕ್ಕ. "ನಡುವೆ ಸಿಕ್ಕೊಂಡಿದ್ದ ಒಂದೆರಡು ಪೆಟ್ಟಿಗೆ ಹೋದವು."

"ಉಳಿದವು?"

"ಉಳಿದವು ಹಾರ್ತಿವೆ! ಬಂದು ಇನ್ನೂ ಗಳಿಗೆ ಆಗಿಲ್ಲ, ಆಗಲೇ ಹೂವಿಗೆ ಮುತ್ತಿಕೊಂಡಿವೆ!"

ಅತ್ತಿಗೆ ಫೋನು ಕಿವಿಯಲ್ಲಿಟ್ಟುಕೊಂಡೇ ಬೀದಿಗೆ ಓಡಿ, ಟಯರಿನಂಗಡಿಯತ್ತ ಕೈ ಬೀಸಿ ಕೂಗಿದಳು. "ಬದುಕಿದ್ವು ಕಣ್ರೋ! ಹುಳ ಬದುಕಿದ್ವು!"